ನಾಲೇದಿಗೆ ಮರುಭೂಮಿ ತೋರಿಸಲು ಹೋಗಿದ್ದು

ಅಮೆರಿಕದ ಲಾಂಗ್ ಬೀಚಿನಿಂದ ಬೆಳಿಗ್ಗೆಯೇ ಹೊರಟೆವು. ಕಾರು ನನ್ನ ಮಗಳು ಸರೋಜಾಳದು. ಅವಳು ಅಲ್ಲಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಹಿಂದೆ ನನ್ನ ಪಕ್ಕ ಕೂತವಳು ಅವಳ ವಿದ್ಯಾರ್ಥಿನಿ ನಾಲೇದಿ, ಆಫ್ರಿಕದ ಬೋಟ್ಸ್ವಾನಾದವಳು. ಆ ದೇಶಕ್ಕೆ ಸಮುದ್ರವಿಲ್ಲ, ಬಹುಪಾಲು ಮರುಭೂಮಿಯಂತೆ. ಹುಡುಗಿ ಸರಿಯಾಗಿ ಉಣ್ಣದೆ ಸೊರಗಿದ್ದಳು. ಓದು ಬಿಟ್ಟು ಊರಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಸ್ಯಾನ್ ಡಿಯಾಗೋದ ಆಚೆಯ ಮರುಭೂಮಿ ನೋಡಿದರೆ ತನ್ನೂರು ಕಂಡಂತಾಗಿ ಮನಸ್ಸು ತಿರುಗೀತು ಎಂದು ಸರೋಜಾ ಎಣಿಸಿದ್ದಳು.

ಬಹಳ ದೂರದವರೆಗೂ ಬಲಗಡೆ ಸಮುದ್ರವಿತ್ತು. ನಾಲೇದಿ ಆ ಕಡೆ ನೋಡಲೇ ಇಲ್ಲ. ಮೀರಾ ಮೆಸಾ ಎಂಬಲ್ಲಿ ಪೆಟ್ರೋಲ್ ಹಾಕಿಸಿ, ಪೂರ್ವಕ್ಕೆ ತಿರುಗಿ ಗುಡ್ಡ ಹತ್ತಿದೆವು. ಮೇಲೆ ಚಳಿ. ಆಚೆ ಇಳಿದರೆ ಒಲೆಯ ಮುಂದೆ ಕೂತಂತೆ ಸೆಕೆ. ಕಲ್ಲು, ಉಸುಕು, ಕಳ್ಳಿ, ಅಷ್ಟೆ.

ನಾಲೇದಿ ಇಳಿದು ಸುತ್ತ ನೋಡಿ ಇಂಗ್ಲಿಷಿನಲ್ಲಿ ಏನೋ ಅಂದಳು.

“ಏನಂತಾಳ?” ಎಂದೆ.

“ನಮ್ಮ ದೇಶ ಹಿಂಗಿಲ್ಲ ಅಂತಾಳವ್ವಾ. ಅಲ್ಲಿ ಉಸುಕಿನ ಮ್ಯಾಲ ಹುಲ್ಲು ಬೆಳೀತದಂತ, ಮುಳ್ಳಿನ ಗಿಡ, ದನ ಎಲ್ಲಾ ಅದಾವಂತ. ಬ್ಯಾರೆ ದೇಶದಿಂದ ದೊಡ್ಡ ಹೊಳಿ ಬಂದು ಉಸುಕಿನಾಗ ಇಂಗತದಂತ. ಅವರ ದೇಶದ ರೊಕ್ಕಕ್ಕ ಮಳಿ ಅಂತನ ಹೆಸರಿಟ್ಟಾರಂತ.”

“ಅಂದ್ರ ಮಳಿ ಎಷ್ಟು ಬರತದಂತ ತಿಳೀತು ಬಿಡು. ಅಲ್ಲಾ ಸರೂ, ನನಗ ನಮ್ಮ ವಿಜಾಪುರ ನೆನಪಾದ್ರ ರಾಜಸ್ಥಾನ ತೋರಸ್ತಿಯೇನು?”

ಸರೋಜಾ ಸಪ್ಪಗಾದಳು. ನಾಲೇದಿ ಬಂಡೆಯ ನೆರಳಿನಲ್ಲಿ ಕೂತು ಅತ್ತಳು. ನನಗೆ ಹಸಿವಾಗಿತ್ತು, ಅಂಬಲಿಯ ಡಬ್ಬಿ ತೆಗೆದೆ. ಜೋಳದ ಹಿಟ್ಟನ್ನು ಕಲಸಿಟ್ಟು ಹುಳಿ ಬರಿಸಿ ಕಾಯಿಸಿದ್ದು. ಆ ವಾಸನೆ ಕಾರಿನಲ್ಲಿ ಬೇಡವೆಂದು ಸರೋಜಾ ಬೈದಿದ್ದಳು. ನಾಲೇದಿ ತಲೆಯೆತ್ತಿದಳು. ಎದ್ದು ಬಂದು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಗಟಗಟ ಕುಡಿದಳು.

“ಅವರ ಮನ್ಯಾಗೂ ಜೋಳ ಹುಳಿ ಬರಿಸಿ ಗಂಜಿ ಮಾಡ್ತಾರಂತವ್ವಾ. ಹಿಟ್ಟು ಇನ್ನೂ ಅದ ಏನು ಅಂತ ಕೇಳ್ತಾಳ.”

ನಾನು ಊರಿಂದ ತಂದ ಹಿಟ್ಟಿನಲ್ಲಿ ಅರ್ಧ ಡಬ್ಬಿ ಮನೆಯಲ್ಲಿ ಉಳಿದಿತ್ತು. ಇಲ್ಲಿಯ ಬ್ರೆಡ್ಡು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

“ಪರೀಕ್ಷಾ ಮುಗಿಯೋ ತನಕ ಇರತಾಳೇನು ಕೇಳು. ಇದ್ರ ಕೊಡತೀನಿ. ಊರಿಗೆ ಹೋಗಾಕಿಗೆ ಯಾಕ ಹಿಟ್ಟು, ಅಲ್ಲೇ ಸಿಗತದ.”

ಸರೋಜಾ ಕೇಳಿದಳು. ನಾಲೇದಿ ಡಬ್ಬಿಯ ತಳವನ್ನೆಲ್ಲ ಬೆರಳಿನಿಂದ ಬಳಿದು ನೆಕ್ಕಿದಳು. ಕೊನೆಗೆ ಹೂಂ ಎಂದು ತಲೆಯಾಡಿಸಿದಳು.

ವಾಪಸು ಬಂದ ಕೂಡಲೇ ಹಿಟ್ಟಿನ ಡಬ್ಬಿ ಅವಳ ಕೈಗಿಟ್ಟೆ. ಹೇಗೆ ಕಲಸುವುದೆಂದು ಹೇಳಹೋದರೆ, ಗೊತ್ತು ಎನ್ನುವಂತೆ ಕೈ ಬೀಸಿ ನಡೆದಳು. ಮರುದಿನ ಬೆಳಿಗ್ಗೆ ನಾನು ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿಂದೆ. ರುಚಿಯೇನೂ ಇರಲಿಲ್ಲ.