ತುಟಿಯ ಮೇಲಿನ ಹೆಸರು

ನಮ್ಮ ಶಾಲೆಯ ಬೋರ್ಡು ನನ್ನ ಕಣ್ಣೆದುರಿಗೇ ಎರಡು ಸಲ ಬದಲಾಗಿದೆ. ನಾನು ಅಲ್ಲಿ ವ್ಯಾನ್ ಓಡಿಸುವವನು. ಕೆಲಸಕ್ಕೆ ಸೇರಿದಾಗ ‘ಕಿವುಡ ಮೂಗರ ಶಾಲೆ’ ಎಂದಿತ್ತು. ಆಮೇಲೆ ‘ಶ್ರವಣದೋಷವುಳ್ಳ ಮಕ್ಕಳ ಶಾಲೆ’ ಆಯಿತು. ದೋಷ ಎನ್ನುವುದೂ ತಪ್ಪೆಂದು ಯಾರಿಗೋ ಹೊಳೆದು, ಈಗ ‘ವಿಶೇಷಚೇತನ ಮಕ್ಕಳ ಕಲಿಕಾ ಕೇಂದ್ರ’. ಬದಲಾಗಲಿ, ನನ್ನದೇನೂ ತಕರಾರಿಲ್ಲ. ವ್ಯಾನಿನ ಮೇಲೆ ಹಳೆಯ ಹೆಸರಿದ್ದಾಗ ಪೇಟೆಯಲ್ಲಿ ಇಳಿಯಲು ಮಕ್ಕಳು ಹಿಂದೇಟು ಹಾಕುತ್ತಿದ್ದುದನ್ನು ನಾನೇ ಕಂಡಿದ್ದೇನೆ. ನನ್ನ ಹೊಟ್ಟೆ ಉರಿಯುವುದು ಇಸ್ತ್ರಿ ಅಕ್ಕನ ವಿಷಯಕ್ಕೆ.

ಹಿತ್ತಲ ಕಡೆಯ ಬಟ್ಟೆ ಒಗೆಯುವ ಕೋಣೆ ಅವಳ ರಾಜ್ಯ. ಹಾಸ್ಟೆಲಿನ ಹಾಸಿಗೆ ಹೊದಿಕೆ, ಮಕ್ಕಳ ಸಮವಸ್ತ್ರ ಎಲ್ಲ ಅವಳ ಕೈಯಿಂದಲೇ ಮಡಿಕೆಯಾಗಿ ಬರಬೇಕು. ಬೇಸಿಗೆಯಲ್ಲಿ ಆ ಕೋಣೆಯೊಳಗೆ ತಲೆ ಹಾಕಿದರೆ ಮುಖ ಬೆಂದುಹೋಗುತ್ತದೆ. ಆದರೂ ನನ್ನ ಕಾಲರ್ ಸುಕ್ಕಾಗಿದ್ದರೆ ಅಂಗಿ ಬಿಚ್ಚಿಸಿಕೊಂಡು ಇಸ್ತ್ರಿ ಹಾಕಿಯೇ ಕಳಿಸುತ್ತಿದ್ದಳು. “ಹೀಗೆ ಹೋದ್ರೆ ವ್ಯಾನ್ ತೊಳೆಯೋವ್ನು ಅಂದ್ಕೋತಾರೆ ಡ್ರೈವರಣ್ಣ,” ಎನ್ನುತ್ತಿದ್ದಳು. ಆ ಕೋಣೆಗೆ ಅಂಟಿಕೊಂಡೇ ಒಂದು ಗೂಡಿನಂಥ ಮನೆ. ಕೆಲಸ ಇದ್ದರೆ ಮನೆ, ಮನೆ ಇದ್ದರೆ ಮಗಳ ಓದು. ಒಂದು ಹೋದರೆ ಎಲ್ಲವೂ ಹೋದಂತೆಯೇ.

ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಕೂಸಿಗೆ ಇನ್ನೂ ಹಲ್ಲು ಬರುವ ಮೊದಲೇ ಅತ್ತೆಮನೆಯಲ್ಲಿ ‘ಮೂಗಿ ಹೆತ್ತವಳು’ ಎಂಬ ಬಿರುದು ಸಿಕ್ಕಿತ್ತು. ಗಂಡ ತುಟಿ ಪಿಟಕ್ಕೆನ್ನಲಿಲ್ಲ. ಅಕ್ಕ ಗಂಟುಮೂಟೆ ಕಟ್ಟಿ, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹೊರಬಿದ್ದಳು. ಬರುವಾಗ ಆ ಬೈಗುಳವನ್ನೂ ತಂದಳು. “ಅವ್ರು ಉಗಿದಿದ್ದನ್ನ ನಾನು ತೊಳ್ದು ಇಟ್ಕೊಂಡೆ ಅಣ್ಣ. ನನ್ ಮೂಗಿ ಅವ್ಳು. ಬೇರೆಯವ್ರು ಅಂದ್ರೆ ನಾಲಿಗೆ ಕೀಳ್ತೀನಿ,” ಎಂದಿದ್ದಳು.

ಶಾಲೆಯಲ್ಲಿ ಎಲ್ಲರೂ ಕೈಯಲ್ಲಿ ಮಾತಾಡುತ್ತಾರೆ. ಅಕ್ಕನಿಗೂ ಬರುತ್ತಿತ್ತು. ಆದರೆ ಅವಳ ಒಂದು ಕೈಯಲ್ಲಿ ಸದಾ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ ಬಟ್ಟೆ. ಹಾಗಾಗಿ ಮಗಳನ್ನು ಬಾಯಿಂದಲೇ ಕರೆಯುತ್ತಿದ್ದಳು. ತುಟಿ ಕೂಡಿಸಿ, ಮುಂದೆ ಚಾಚಿ, ಆಮೇಲೆ ಅಗಲಿಸಿ: ಮೂಗೀ. ಮುತ್ತು ಕೊಟ್ಟು ನಕ್ಕಂತೆ ಕಾಣುತ್ತಿತ್ತು. ಅಂಗಳದಾಚೆ ಹೊಲಿಗೆ ತರಗತಿಯಲ್ಲಿ ಕೂತ ಹುಡುಗಿ ಕಿಟಕಿಯಲ್ಲಿ ಅದನ್ನು ಕಂಡರೆ ಸಾಕು, ಮುಖ ಅರಳಿಸಿಕೊಂಡು ಎದ್ದು ಬರುತ್ತಿದ್ದಳು. ಅವಳ ನಿಜವಾದ ಹೆಸರು ತುಟಿಗೆ ತುಟಿ ತಾಗದ ಹೆಸರು. ದೂರದಿಂದ ಎಷ್ಟು ಕೂಗಿದರೂ ಕಾಣದು.

ಹೊಸ ಬೋರ್ಡು ತೂಗುಹಾಕಿದ ದಿನ ದೊಡ್ಡ ದಾನಿಗಳು ಬಂದಿದ್ದರು. ಅಂಗಳದಲ್ಲಿ ಭಾಷಣ ನಡೆದಿತ್ತು. ಯಾವ ಪದ ಆಡಬಾರದು, ಅದರಿಂದ ಎಷ್ಟು ನೋವಾಗುತ್ತದೆ ಎಂದು ಶಾಲೆ ನಡೆಸುವ ಮೇಡಂ ಹೇಳುತ್ತಿದ್ದರು. ಸರಿಯಾಗಿ ಆ ಹೊತ್ತಿಗೆ ಹಿತ್ತಲಿನಿಂದ ಅಕ್ಕನ ದನಿ, “ಮೂಗೀ, ಊಟಕ್ಕೆ ಬಾರೇ.”

ದಾನಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಮುಖ ಸುಣ್ಣದ ಗೋಡೆಯಾಯಿತು.

ಮರುದಿನವೇ ವಿಚಾರಣೆ. ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವಳು ಹೊಸ ಟೀಚರ್. ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವಳ ತಮ್ಮ ಕಿವಿ ಕೇಳದವನು. ಬೀದಿಯವರು ಅದೇ ಪದದಿಂದ ಅಟ್ಟಾಡಿಸಿ ಅವನು ಮನೆ ಬಿಟ್ಟು ಹೊರಗೆ ಕಾಲಿಡುವುದನ್ನೇ ನಿಲ್ಲಿಸಿದ್ದನಂತೆ. “ಪ್ರೀತಿಯಿಂದ ಅಂದ್ರೂ ಅದು ಅದೇ ಪದ ಅಕ್ಕ,” ಎಂದಳು. ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು. ತೀರ್ಮಾನ ಹೀಗಾಯಿತು: ಪ್ರಾರ್ಥನೆಯ ಹಾಲ್‌ನಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡು ಇನ್ನು ಆ ಪದ ಆಡುವುದಿಲ್ಲ ಎನ್ನಬೇಕು. ಇಲ್ಲವಾದರೆ ಕೆಲಸ, ಮನೆ ಎರಡನ್ನೂ ಬಿಡಬೇಕು.

ನಾನು ಮೇಡಂ ಹತ್ತಿರ ಹೋಗಿ ಕೇಳಿದೆ, “ಹುಡುಗಿ ಇಲ್ದಾಗ ಹೇಳಿಸಿ ಮೇಡಂ. ಅವ್ಳಿಗ್ಯಾಕೆ?”

“ಅವಳ ವಿಷಯ ಅವಳಿಲ್ದೆ ಮಾತಾಡೋದಾ? ತಿಳ್ಕೊಳ್ಳೋದು ಅವಳ ಹಕ್ಕಲ್ವಾ?” ಎಂದರು ಮೇಡಂ. ಅವರ ಮಾತು ಯಾವಾಗಲೂ ಸರಿಯಾಗಿಯೇ ಇರುತ್ತದೆ, ಅದೇ ಕಷ್ಟ.

ಹಾಲ್ ತುಂಬಿತ್ತು. ಅಕ್ಕ ತೊಳೆದ ಸೀರೆಗೆ ಗರಿಗರಿಯಾಗಿ ಇಸ್ತ್ರಿ ಹಾಕಿಕೊಂಡು ಬಂದಿದ್ದಳು. ಪಕ್ಕದಲ್ಲಿ ನಿಂತ ಹೊಸ ಟೀಚರ್, ಯಾರು ಏನೇ ಆಡಿದರೂ ಅದನ್ನು ಕೈಯಲ್ಲಿ ಮಕ್ಕಳಿಗೆ ತಿಳಿಸುತ್ತಿದ್ದಳು. “ನಾನು ನನ್ ಮಗಳನ್ನ ಮೂಗಿ ಅಂತ ಕರೀತಿದ್ದೆ. ತಪ್ಪಾಯ್ತು. ಇನ್ಮೇಲೆ ಅನ್ನಲ್ಲ,” ಎಂದು ಅಕ್ಕ ಒಪ್ಪಿಸಿದಳು. ಟೀಚರ್ ಕೈಗಳು ಅಷ್ಟನ್ನೂ ಹೇಳಿದವು. ಕೆಲಸ ಉಳಿಯಿತು ಎಂದು ನಾನು ಉಸಿರು ಬಿಟ್ಟೆ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಮಗಳು ಎದ್ದಳು. ಜೋರಾಗಿ ಕೈ ಅಲ್ಲಾಡಿಸಿದಳು, ಬೆರಳಲ್ಲಿ ಏನೋ ಅಕ್ಷರ ಕೂಡಿಸಿದಳು. ಟೀಚರ್ ಅದನ್ನು ಬಾಯಲ್ಲಿ ಹೇಳಬೇಕಲ್ಲ, ಹೇಳಿದಳು: “ಅಮ್ಮ ಅನ್ನೋದು ಅದಲ್ಲ. ಅಮ್ಮ ನನ್ನ ಮುದ್ದಿ ಅಂತ ಕರೀತಾಳೆ.”

ನಾನು ನಿಂತಲ್ಲೇ ಎರಡನ್ನೂ ಸದ್ದಿಲ್ಲದೆ ಆಡಿ ನೋಡಿದೆ. ಮೂಗಿ. ಮುದ್ದಿ. ತುಟಿ ಕೂಡುತ್ತದೆ, ಚಾಚುತ್ತದೆ, ಅಗಲುತ್ತದೆ. ವ್ಯತ್ಯಾಸ ಇರುವುದೆಲ್ಲ ಬಾಯಿಯೊಳಗೆ. ಹುಡುಗಿ ತನಗೆ ಕಂಡಿದ್ದನ್ನು ಓದಿಕೊಂಡಿದ್ದಳು, ಹುಟ್ಟಿದಾಗಿನಿಂದ.

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ತಡ, “ಹೌದು, ಹೌದು ಮಗಾ. ಮುದ್ದಿ ಅಂತಾನೇ ಅಂದಿದ್ದು,” ಎಂದಳು. ಮಗಳ ಮುಖ ಗೆದ್ದವರ ಮುಖವಾಯಿತು.

“ಈಗ ತಾನೇ ಒಪ್ಕೊಂಡ್ರಲ್ಲ,” ಎಂದರು ಮೇಡಂ, ತುಂಬಾ ಮೆತ್ತಗೆ. “ಎಲ್ರೂ ಕೇಳಿಸ್ಕೊಂಡಿದೀವಿ. ಮಕ್ಕಳೆದುರಿಗೆ ಸುಳ್ಳು ಬೇಡ ಅಕ್ಕ.”

ಟೀಚರ್ ಕೈಗಳು ಅರ್ಧದಲ್ಲಿ ನಿಂತವು. ಅವಳು ಮೇಡಂ ಕಡೆ ನೋಡಿದಳು, ಅಕ್ಕನ ಕಡೆ ನೋಡಿದಳು. ಆಡಿದ್ದನ್ನೆಲ್ಲ ಒಂದೂ ಬಿಡದೆ ಮಕ್ಕಳಿಗೆ ಹೇಳಬೇಕು ಎಂಬುದು ಹೊಸ ನಿಯಮ. ಆ ನಿಯಮಕ್ಕಾಗಿ ಹೋರಾಡಿದವಳೇ ಅವಳು. ಕೊನೆಗೆ ಕಣ್ಣು ಕೆಳಗೆ ಹಾಕಿ ಅದನ್ನೂ ಹೇಳಿದಳು.

ಹುಡುಗಿ ಕೂತಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು, ಅದನ್ನೂ ಟೀಚರೇ ಬಾಯಲ್ಲಿ ಹೇಳಬೇಕಾಯಿತು: “ಬಸ್‌ಸ್ಟಾಪಿನ ಹುಡುಗರು ಹಾಗೇ ಕೂಗ್ತಿದ್ರು. ನನ್ನ ಹೆಸ್ರು ಗೊತ್ತು ಅಂತ ನಾನು ಅವ್ರನ್ನ ನೋಡಿ ನಗ್ತಿದ್ದೆ. ಅವ್ರೂ ಅದನ್ನೇ ಅಂತಿದ್ದಿದ್ದಾ?”

ಸಭೆ ಮುಗಿಯಿತು.

ಕೆಲಸ ಉಳಿದಿದೆ, ಮನೆ ಉಳಿದಿದೆ. ಮೇಡಂ ಒಂದು ದಿನ ಬಟ್ಟೆ ಕೋಣೆಯವರೆಗೂ ಬಂದು ಅಕ್ಕನ ಬೆನ್ನು ತಟ್ಟಿ ಹೋದರು. ಅಕ್ಕ ಈಗ ಮಗಳನ್ನು ನಿಜವಾಗಿಯೂ ‘ಮುದ್ದಿ’ ಎಂದೇ ಕರೆಯುತ್ತಾಳೆ. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ಬಾಗಿಲಿಗೆ ಬಂದು, ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ. ಹೊಲಿಗೆ ತರಗತಿಯ ಕಿಟಕಿಯಲ್ಲಿ ಹುಡುಗಿ ಆ ತುಟಿಗಳನ್ನು ನೋಡುತ್ತಾಳೆ, ನೋಡಿ ತಲೆ ತಗ್ಗಿಸುತ್ತಾಳೆ. ಅವಳ ಕಣ್ಣಿಗೆ ಅದು ಬೈಗುಳವಾಗಿಯೇ ಕಾಣುತ್ತದೆ.