ಸಂಜೆಯವರೆಗೂ ಅದೇ ತಿಳಿನೀಲಿ

ನೆರೆಯ ದಿನಗಳಲ್ಲಿ ಊರಿನವರೆಲ್ಲ ಫೋನಿನಲ್ಲಿ ತೆರೆದು ನೋಡುವ ನಕ್ಷೆಯೊಂದಿದೆ. ಗುಂಡಿ ಒತ್ತಿದರೆ ಮುಂದಿನ ಗಂಟೆಗಳಲ್ಲಿ ಯಾವ ಬೀದಿಗೆ ನೀರು ಬರಬಹುದೆಂದು ಅದು ಓಡಿ ತೋರಿಸುತ್ತದೆ. ಯಾವ ಬಣ್ಣಕ್ಕೆ ಎಷ್ಟು ನೀರು ಎಂದು ಹೇಳುವ ಪುಟ್ಟ ಚೌಕ ಮೂಲೆಯಲ್ಲಿರುತ್ತದೆ. ಕಚೇರಿಯಲ್ಲಿ ಅದಕ್ಕೆ ಲೆಜೆಂಡ್ ಎನ್ನುತ್ತಾರೆ. ಅದನ್ನು ಮಾಡುವವಳಿಗೆ ಬಣ್ಣದ ಮೇಡಂ ಎಂದು ಹೆಸರು ಬಿದ್ದಿದೆ. ಮನೆಯವರಿಗಂತೂ ಅವಳ ಕೆಲಸ ಇಂದಿಗೂ ತಲೆಗೆ ಹತ್ತಿಲ್ಲ.

"ನಕ್ಷೆ ಬರೆಯೋರು ಬೇರೆ, ನೀರು ಅಳೆಯೋರು ಬೇರೆ. ನೀನೇನು ಡಬ್ಬಿಗೆ ಚೀಟಿ ಅಂಟಿಸ್ತೀಯಾ?" ಎಂದು ಭಾವ ಕಾಲೆಳೆಯುತ್ತಿದ್ದರು.

ಆ ಭಾವ ಈಗ ಸೊಂಟದ ಮೂಳೆ ಮುರಿದುಕೊಂಡು ಮಂಚ ಹಿಡಿದಿದ್ದರು. ಮನೆ ಹೊಳೆಯ ಪಕ್ಕದ ಬೀದಿಯಲ್ಲಿ, ನೆಲಮಟ್ಟಕ್ಕೇ ಇತ್ತು. ಹೊಳೆ ತುಂಬಿದ ದಿನ ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು.

"ಇವರನ್ನ ಮಹಡಿ ಮನೆಯವರ ಹತ್ರ ಸಾಗಿಸ್ಬೇಕಾ, ಬೇಡ್ವಾ? ಸ್ವಲ್ಪ ಅಲುಗಿಸಿದ್ರೂ ಪ್ರಾಣ ಹೋದ ಹಾಗೆ ಕೂಗ್ತಾರೆ ಕಣೇ. ನಿನ್ನ ನಕ್ಷೆ ಓಡಿಸಿ ನೋಡ್ದೆ. ಸಂಜೆವರೆಗೂ ನಮ್ಮ ಬೀದಿ ಅದೇ ತಿಳಿನೀಲಿ. ನೀರು ಏರಲ್ಲ ತಾನೇ?"

ಅವಳೂ ಕಚೇರಿಯ ಪರದೆಯಲ್ಲಿ ಓಡಿಸಿ ನೋಡಿದಳು. ಹೌದು, ಅದೇ ತಿಳಿನೀಲಿ. ಏರಲ್ಲ ಬಿಡು ಎನ್ನುವಷ್ಟರಲ್ಲಿ ಮೂಲೆಯ ಅಂಕಿಗಳ ಮೇಲೆ ಕಣ್ಣು ಬಿತ್ತು. ಬಣ್ಣ ನಿಂತಲ್ಲೇ ನಿಂತಿತ್ತು, ಅಂಕಿಗಳು ಓಡುತ್ತಿದ್ದವು. ಮಧ್ಯಾಹ್ನ ಪಾದ ಮುಳುಗುವಷ್ಟು ನೀರಿಗೆ ಹಚ್ಚಿದ್ದ ಬಣ್ಣವೇ ಸಂಜೆಗೆ ಸೊಂಟದವರೆಗಿನ ನೀರಿಗೂ ಇತ್ತು.

ಹಾಗೆ ಮಾಡಿದ್ದು ಅವಳೇ. ಇಡೀ ದಿನಕ್ಕೆ ಒಂದೇ ಅಳತೆ ಇಟ್ಟಾಗ ಮೊದಲ ಗಂಟೆಗಳು ಬಿಳುಚಿಕೊಂಡಿದ್ದವು. "ನಕ್ಷೆಗೆ ಜೀವಾನೇ ಇಲ್ಲ" ಎಂದು ಮುಖ್ಯಸ್ಥರು ಮುಖ ಸಿಂಡರಿಸಿದ್ದರು. ಆಗ ಅವಳು ಆಯಾ ಗಂಟೆಯಲ್ಲಿ ಎಲ್ಲಿ ನೀರು ಅತಿ ಆಳವೋ ಅಲ್ಲಿಗೆ ಕಡುನೀಲಿ, ಉಳಿದದ್ದಕ್ಕೆ ಅದಕ್ಕೆ ಹೋಲಿಸಿ ತಿಳಿಬಣ್ಣ ಎಂದು ಗೊತ್ತುಮಾಡಿದ್ದಳು. ಅಂಕಿ ಬದಲಾಗುತ್ತದಲ್ಲ, ಜನ ಓದಿಕೊಳ್ಳುತ್ತಾರೆ ಎಂದುಕೊಂಡಿದ್ದಳು.

"ಅಕ್ಕಾ, ಮೂಲೇಲಿ ಅಂಕಿ ಏನಿದೆ ಓದು."

"ಯಾವ ಮೂಲೇನೇ? ಇಲ್ಲಿ ಏನೂ ಇಲ್ಲ."

ಅದೂ ಅವಳದೇ ಕೆಲಸ. ಫೋನಿನಲ್ಲಿ ಚೌಕ ಅರ್ಧ ಊರನ್ನೇ ಮುಚ್ಚುತ್ತದೆಂದು ಮಡಚಿಟ್ಟಿದ್ದಳು.

ಅವಳಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಹೋಯಿತು. ಹಿಂದಕ್ಕೆ ಎಳೆದಳು, ಮುಂದಕ್ಕೆ ಎಳೆದಳು. ಪಕ್ಕದ ಪ್ರೋಗ್ರಾಮರನಿಗೆ ಪರದೆ ತಿರುಗಿಸಿ, "ಇದು ಚೌಕದಲ್ಲಿರೋ ಎರಡನೇ ನೀಲಿನಾ, ಮೂರನೇದಾ?" ಎಂದಳು.

"ಬಣ್ಣ ಹಾಕಿದ್ದು ನೀವು ಮೇಡಂ, ನನ್ನ ಕೇಳ್ತೀರಲ್ಲ!"

ಎರಡನೆಯದಾದರೆ ಸೊಂಟ, ಮೂರನೆಯದಾದರೆ ಎದೆ. ಯಾವುದಾದರೂ ಮಂಚ ಮುಳುಗುತ್ತದೆ.

"ಅಕ್ಕಾ, ಎತ್ತಿಸು. ಈಗಲೇ. ಕೂಗಿದ್ರೆ ಕೂಗ್ಲಿ."

"ಮತ್ತೆ ತಿಳಿನೀಲಿ?"

"ಅದನ್ನ ನೋಡ್ಬೇಡ."

ಫೋನಿಟ್ಟು ಅಳತೆ ಬದಲಿಸಿದಳು. ಯಾವ ಗಂಟೆಯಲ್ಲಾದರೂ ನೀರು ಸೊಂಟ ಮುಟ್ಟಿದರೆ ಕಡುನೀಲಿ. ಅದಕ್ಕೂ ಮೇಲೆ ಎಷ್ಟಿದ್ದರೂ ಕಡುನೀಲಿಯೇ. ಮಡಚಿದ್ದ ಚೌಕವನ್ನೂ ಬಿಚ್ಚಿದಳು. ನಕ್ಷೆಯಲ್ಲಿ ಸಂಜೆಯ ಊರು ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪಿಟ್ಟಿತು. ಕೋಣೆಯ ಫೋನುಗಳೆಲ್ಲ ಒಟ್ಟಿಗೇ ಹೊಡೆದುಕೊಂಡವು.

ಮುಖ್ಯಸ್ಥರು ಓಡಿಬಂದರು. "ಏನ್ರೀ ಇದು, ಹೊಳೆಗೂ ಬೀದಿಗೂ ಒಂದೇ ಬಣ್ಣ! ಇಷ್ಟು ನೀರು ಎಲ್ಲಿಂದ ಬಂತು?"

"ನೀರು ಮೊದಲಿನಷ್ಟೇ ಸರ್."

"ಹಾಗಾದ್ರೆ ಯಾವುದು ಸರಿ, ಆಗಿಂದಾ, ಈಗಿಂದಾ?"

"ಎರಡೂ..." ಎಂದು ಅವಳು ತಡವರಿಸಿದಳು. ಲೆಕ್ಕದಲ್ಲಿ ಎರಡೂ ಸರಿಯಿದ್ದವು. ಅದೇ ಅವಳಿಗೆ ಬಗೆಹರಿಯದೆ ಹೋದದ್ದು.

ಅಕ್ಕ ಮಹಡಿಯಿಂದ ಫೋನ್ ಮಾಡಿದಾಗ ಏದುಸಿರು ಬಿಡುತ್ತಿದ್ದಳು. ನೆರೆಯವರು ಭಾವನನ್ನು ಕುರ್ಚಿ ಸಮೇತ ಹೊತ್ತು ತಂದಿದ್ದರು. ಹಿಂದಿನಿಂದ ಅವರ ನರಳಾಟ ಕೇಳುತ್ತಿತ್ತು.

"ಮೆಟ್ಟಿಲು ಹತ್ತೋಷ್ಟರಲ್ಲಿ ನಮ್ಮ ಬೀದಿ ಕಡುನೀಲಿ ಆಗೋಯ್ತಲ್ಲೇ. ನೀರು ಏರ್ತಾ, ನೀನು ಏರಿಸಿದ್ಯಾ?"

"ಮಧ್ಯಾಹ್ನಾನೂ ಲೆಕ್ಕ ಇದೇ ಇತ್ತು ಅಕ್ಕ."



"ನಂಗೆ ತಂಗಿ ಇದ್ಲು, ಕೇಳ್ದೆ. ಮೂಲೆಮನೆಯವರು ತಿಳಿನೀಲಿ ನೋಡಿ ಊಟ ಮಾಡಿ ಮಲಗಿದ್ರಂತೆ. ಈಗ ಎದ್ದು ಓಡ್ತಿದಾರೆ."

"ಬೀದೀಲಿ ನೀರು ಎಷ್ಟಿದೆ?"

"ಮೊಣಕಾಲು," ಎಂದಳು ಅಕ್ಕ. "ಇನ್ನೂ ದಾಟಬಹುದು."