ನೆಟ್ಟಗಿದ್ದವು ಎಂದು ನಾನು ಹೇಳಿದ ಹಲ್ಲುಗಳು

ದಂತವೈದ್ಯರು ಕುಮಟಾದಲ್ಲೂ ಇದ್ದಾರೆ, ಹೊನ್ನಾವರದಲ್ಲೂ ಇದ್ದಾರೆ. ಕುಮಟಾದವರಿಗೆ ಅಪ್ಪನ ಪರಿಚಯ. ಹೊನ್ನಾವರದಲ್ಲಿ ನಾನು ಪಾಠ ಮಾಡುವ ಕಾಲೇಜಿದೆ. ಎರಡನ್ನೂ ದಾಟಿ ಭಟ್ಕಳಕ್ಕೆ ಹೋದೆ. ಹಿರೇಗುತ್ತಿಯಿಂದ ಅಷ್ಟು ದೂರ ಹೋದರೆ ನನ್ನ ಬಾಯಿಯ ಸುದ್ದಿ ಊರಿಗೆ ಮುಟ್ಟುವುದಿಲ್ಲ ಎಂದುಕೊಂಡಿದ್ದೆ.

ತದಡಿಯ ದಕ್ಕೆಯಲ್ಲಿ ಬಾರ್ಜಿನಿಂದ ಸ್ಕೂಟಿ ಇಳಿಸುವಾಗ ಜಾರಿ ಬಿದ್ದು, ಹ್ಯಾಂಡಲ್ ಬಡಿದು, ಮೇಲಿನ ಎದುರು ಹಲ್ಲು ಎರಡೂ ಹೋಗಿದ್ದವು. ಅಪ್ಪ ಅಮ್ಮನ ಹೊರತು ಯಾರಿಗೂ ಹೇಳಿರಲಿಲ್ಲ. ಹಾಕಿ ತೆಗೆಯುವ ಕಟ್ಟುಹಲ್ಲಿನ ಪ್ಲೇಟೊಂದನ್ನು ಮಾಡಿಸಿಕೊಂಡು, ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿದು ದಿನ ಕಳೆಯುತ್ತಿದ್ದೆ. ಒಮ್ಮೆ ತರಗತಿಯಲ್ಲಿ ಮಾತಿನ ನಡುವೆ ಪ್ಲೇಟು ಸಡಿಲಾಗಿ ನಾಲಿಗೆಯ ಮೇಲೆ ಬಿತ್ತು. ಆಮೇಲೆ, ತೆಗೆಯಲಾಗದಂತೆ ಅಂಟಿಸುವ ಹಲ್ಲುಸಾಲು, ಬ್ರಿಡ್ಜ್, ಹಾಕಿಸಿಕೊಳ್ಳುವುದೆಂದು ನಿಶ್ಚಯಿಸಿದೆ.

ಡಾಕ್ಟರ್ ನನಗಿಂತ ಸ್ವಲ್ಪ ದೊಡ್ಡವರು, ಭಟ್ಕಳದವರೇ. ಸಹಾಯಕಿಯೊಡನೆ ಅಲ್ಲಿನ ನವಾಯತಿ ಭಾಷೆಯಲ್ಲಿ, ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಒಳಗೆ ಲೋಹವಿಟ್ಟು ಮೇಲೆ ಪಿಂಗಾಣಿ ಹೊದಿಸಿದ್ದು ಗಟ್ಟಿ, ಆದರೆ ಮುಂದೆ ವಸಡು ಸರಿದರೆ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು ಎಂದರು. ಒಳಗೂ ಹೊರಗೂ ಬಿಳಿಯಾದ ಜಿರ್ಕೋನಿಯಾದಲ್ಲಿ ಆ ಗೆರೆ ಇರುವುದಿಲ್ಲ. ನಾನು ತಡಮಾಡದೆ ಜಿರ್ಕೋನಿಯಾ ಎಂದೆ. ಯಾವುದಾದರೂ ಸರಿ, ಅಕ್ಕಪಕ್ಕದ ಒಳ್ಳೆಯ ಹಲ್ಲುಗಳನ್ನು ಅರೆದು ಅವುಗಳ ಮೇಲೇ ಬ್ರಿಡ್ಜ್ ಕೂರಿಸಬೇಕಿತ್ತು.

"ಹೋದ ಹಲ್ಲು ಹೇಗಿದ್ದವು?" ಎಂದು ಕೇಳಿದರು.

"ನೆಟ್ಟಗಿದ್ದವು," ಎಂದೆ.

ಅದು ಸುಳ್ಳು. ಒಂದು ಹಲ್ಲು ಇನ್ನೊಂದರ ಮೇಲೆ ಅರ್ಧ ಏರಿ ಕೂತಿತ್ತು. ಶಾಲೆಗೆ ಹೋಗುವಾಗಿನಿಂದಲೂ ನಾನು ತುಟಿ ಮುಚ್ಚಿ ನಕ್ಕವಳು. ಅವು ಹೋದಾಗ ನೋವಿನ ನಡುವೆಯೂ ಒಂದು ಬಗೆಯ ಬಿಡುಗಡೆ ಅನಿಸಿತ್ತು.

ಡಾಕ್ಟರ್ ಖಾಲಿ ಜಾಗವನ್ನು ಅಳೆದು ಹುಬ್ಬು ಗಂಟಿಕ್ಕಿದರು. "ಎರಡು ಹಲ್ಲಿಗೆ ಜಾಗ ಸಾಲುವುದಿಲ್ಲವಲ್ಲ. ಪಕ್ಕದವು ಸರಿದಿರಬೇಕು. ಅವನ್ನು ಇನ್ನಷ್ಟು ಅರೆಯಬೇಕಾಗುತ್ತದೆ."

ಏಕೆ ಸಾಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಆಗಲಿ ಎಂದೆ.

ಬಣ್ಣವನ್ನು ಹಗಲಿನ ಬೆಳಕಿನಲ್ಲೇ ನೋಡಬೇಕೆಂದು ಹೇಳಿ ಅವರು ನನ್ನನ್ನು ಮಹಡಿಯ ಜಗಲಿಗೆ ಕರೆತಂದರು. ಕೆಳಗೆ ಪೇಟೆಯ ರಸ್ತೆ. ನನ್ನ ಕೆಂಪು ಚೂಡಿದಾರದ ಛಾಯೆ ಹಲ್ಲಿಗೆ ಬೀಳದಂತೆ ಮೇಲೆ ಬೂದು ಬಟ್ಟೆ ಹೊದಿಸಿ, ಪ್ಲೇಟು ತೆಗೆಸಿ, ಸಾಲಾಗಿ ಜೋಡಿಸಿದ ಬೇರೆ ಬೇರೆ ಬಣ್ಣದ ಮಾದರಿ ಹಲ್ಲುಗಳನ್ನು ಒಂದೊಂದಾಗಿ ನನ್ನ ಹಲ್ಲಿನ ಪಕ್ಕ ಹಿಡಿಯತೊಡಗಿದರು.

"ಹೋಯ್ ತಂಗೀ! ನೀ ಇಲ್ಲೆಂತ ಮಾಡ್ತೆ?"

ಕೆಳಗೆ ರಸ್ತೆಯಲ್ಲಿ ಊರಿನ ನಮ್ಮ ಎದುರುಮನೆಯವರು, ನಾನು ಚಿಕ್ಕಿ ಎಂದು ಕರೆಯುವವರು. ಮಗಳ ಮದುವೆಗೆ ಬಟ್ಟೆ ತೆಗೆಯಲು ಬಂದಿದ್ದರಂತೆ. ನಾನು ಬಾಯಿ ಮುಚ್ಚುವಷ್ಟರಲ್ಲಿ ಕೈಚೀಲಗಳ ಸಮೇತ ಮೆಟ್ಟಿಲು ಹತ್ತಿ ಬಂದೇ ಬಿಟ್ಟರು.

"ಮನೆಯವರಾ? ಒಳ್ಳೇದಾಯ್ತು. ಇಲ್ಲಿ ಎರಡು ಹಲ್ಲು ನೆಟ್ಟಗೆ ಕೂರಿಸ್ತೇನೆ. ಯಾವ ಬಣ್ಣ ಸರಿ ಕಾಣ್ತದೆ, ನೋಡಿ ಹೇಳಿ," ಎಂದರು ಡಾಕ್ಟರ್.

ಚಿಕ್ಕಿ ನನ್ನ ಬಾಯಿಯೊಳಗೇ ಇಣುಕಿದರು. "ಬಣ್ಣ ಇರ್ಲಿ ಡಾಕ್ಟ್ರೇ. ಎರಡು ಹಲ್ಲು ಹೀಂಗೆ ನೆಟ್ಟಗೆ ನಿಲ್ಸೂಕೆ ಜಾಗ ಎಲ್ಲಿತ್ತು? ಇವಳದ್ದು ಒಂದ್ರ ಮೇಲೊಂದು ಹತ್ತಿ ಕೂತಿತ್ತಲೇ!"

ಡಾಕ್ಟರ್ ನನ್ನ ಮುಖ ನೋಡಿದರು. "ಹೌದಾ?"

ತಲೆಯಾಡಿಸಿದೆ. ಅವರು ಗದರಲಿಲ್ಲ, ಗದರಿದ್ದರೆ ವಾಸಿಯಿತ್ತು. "ಹಾಗಾದರೆ ಜಾಗ ಸರಿಯಾಗಿಯೇ ಇದೆ. ಹಳೇ ಫೋಟೋ ಇದ್ದರೆ ಲ್ಯಾಬಿಗೆ ಕಳಿಸಬಹುದು," ಎಂದಷ್ಟೇ ಹೇಳಿದರು.

ಹಲ್ಲು ಕಾಣುವ ಒಂದು ಫೋಟೋವೂ ನನ್ನಲ್ಲಿರಲಿಲ್ಲ. ಚಿಕ್ಕಿ ತಮ್ಮ ಮೊಬೈಲಿನಲ್ಲಿ ಹುಡುಕಿ ಹುಡುಕಿ ತೆಗೆದರು. ಅವರ ಮನೆಯ ಯಾವುದೋ ಊಟದಲ್ಲಿ ಪಾಯಸದ ಪಾತ್ರೆ ಹಿಡಿದು ನಾನು ಬಾಯ್ತುಂಬ ನಗುತ್ತಿದ್ದೆ. ಯಾರೋ ತೆಗೆದದ್ದು ನನಗೆ ಗೊತ್ತೇ ಇರಲಿಲ್ಲ. ಡಾಕ್ಟರ್ ಎರಡು ಬೆರಳಿನಿಂದ ನನ್ನ ಹಲ್ಲುಗಳನ್ನು ದೊಡ್ಡದು ಮಾಡಿದರು.

"ಚಿಕ್ಕಿ, ಇದನ್ನ ಯಾರಿಗೂ ಹೇಳ್ಬೇಡಿ," ಎಂದೆ. ಹಲ್ಲಿಲ್ಲದ ಬಾಯಿಯಲ್ಲಿ ಮಾತು ತೊದಲಿತು.

"ಯಾರಿಗೆ ಹೇಳೂದೇ ಮಾರಾಯ್ತಿ? ನೀ ಊಟಕ್ಕೆ ಕೂತಾಗ ಹಪ್ಪಳ ಬದಿಗಿಡೂಕೆ ಶುರು ಮಾಡಿದಾಗ್ಲೇ ಕೇರಿಗೆಲ್ಲ ಗೊತ್ತಾತು. ನಿಂಗೆ ಬೇಜಾರಾಗ್ತದೆ ಅಂತ ಯಾರೂ ಕೇಳ್ಲಿಲ್ಲ, ಅಷ್ಟೇ."

ಅಷ್ಟು ದಿನ ಅಡ್ಡ ಹಿಡಿದ ನನ್ನ ಕೈ ನೆನಪಾಯಿತು. ಅದನ್ನು ನೋಡಿಯೂ ನೋಡದಂತೆ ಮುಖ ತಿರುಗಿಸಿಕೊಂಡಿದ್ದವರೆಲ್ಲ ನೆನಪಾದರು.

"ಹೇಗೆ ಮಾಡಲಿ?" ಡಾಕ್ಟರ್ ಕೇಳಿದರು. "ಮೊದಲಿನಂತೆ ಏರಿದ ಹಾಗೇ ಮಾಡಿದರೆ ಪಕ್ಕದ ಹಲ್ಲು ಕಡಿಮೆ ಅರೆದರೆ ಸಾಕು. ನೆಟ್ಟಗೇ ಬೇಕೆಂದರೆ ಹೆಚ್ಚು ಅರೆಯುತ್ತೇನೆ. ನಿಮ್ಮಿಷ್ಟ."

ನನಗೆ ನೆಟ್ಟಗಿನವೇ ಬೇಕಿದ್ದವು. ಆದರೆ ಹಲ್ಲು ಹೋದದ್ದು ಕೇರಿಗೆಲ್ಲ ಗೊತ್ತು. ನೆಟ್ಟಗಿನ ಹಲ್ಲು ಇಟ್ಟುಕೊಂಡು ಹೋದರೆ, ಬೀಳುವ ಮೊದಲು ಆ ಏರಿದ ಹಲ್ಲಿಗೂ ನಾನು ನಾಚುತ್ತಿದ್ದೆ ಎನ್ನುವುದೂ ಗೊತ್ತಾಗುತ್ತಿತ್ತು.

"ಮೊದಲಿದ್ದ ಹಾಗೇ ಇರಲಿ," ಎಂದೆ.

"ಅದೇ ನಿಂಗೆ ಲಕ್ಷಣ," ಎಂದು ಚಿಕ್ಕಿ ನನ್ನ ಬೆನ್ನು ಸವರಿದರು. ಅದಕ್ಕಾಗಿ ಹೇಳಿದ್ದಲ್ಲ ಎಂದು ಅವರಿಗೆ ತಿಳಿಸುವ ಧೈರ್ಯವಾಗಲಿಲ್ಲ.

ಫೋಟೋ ಕಳಿಸಲು ಬಾರದೆ ಅವರು ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಡಾಕ್ಟರರ ನಂಬರಿಗೆ ನಾನೇ ಕಳಿಸಿದೆ. ನನ್ನ ನಂಬರಿಗೆ ಮಾತ್ರ ಕಳಿಸಿಕೊಳ್ಳಲಿಲ್ಲ.